ಕುಂದಿಗೂ ಒಂದು ಬೆಲೆ: ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಪಾತ್ರದ ಬಲಾಬಲ

ಕಲ್ಪನಾಲೋಕದ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಪಾತ್ರವೊಂದು ಹುಟ್ಟುವುದು ಅದರ ಬಲಾಬಲಗಳ ಲೆಕ್ಕದಿಂದ. ಮೇಜಿನ ಸುತ್ತ ನಾಲ್ಕೈದು ಜನ ಕೂತಿರುತ್ತಾರೆ. ಒಬ್ಬೊಬ್ಬರ ಮುಂದೆಯೂ ಒಂದು ಹಾಳೆ. ಅದರಲ್ಲಿ ಪಾತ್ರದ ಹೆಸರು, ಕುಲ, ಕಸುಬು, ಕೈಲಿರುವ ಆಯುಧ, ಜೊತೆಗೆ ಮೈಬಲ ಇಷ್ಟು, ಬುದ್ಧಿ ಇಷ್ಟು, ವರ್ಚಸ್ಸು ಇಷ್ಟು ಎಂಬ ಅಂಕಗಳು. ಆಟ ನಡೆಸುವ ಗೇಮ್ ಮಾಸ್ಟರ್ ಸನ್ನಿವೇಶವನ್ನು ಬಣ್ಣಿಸುತ್ತಾರೆ: ಹಳೆಯ ಕೋಟೆ, ಮುರಿದ ಸೇತುವೆ, ಆಚೆ ದಡದಲ್ಲಿ ಯಾರದೋ ಪಂಜಿನ ಬೆಳಕು. ತನ್ನ ಪಾತ್ರ ಈಗ ಏನು ಮಾಡುತ್ತದೆ ಎಂದು ಆಟಗಾರ ಬಾಯಿಮಾತಿನಲ್ಲಿ ಹೇಳುತ್ತಾನೆ. ಆಗುವುದೋ ಇಲ್ಲವೋ ಎಂಬ ಅನುಮಾನ ಬಂದರೆ ದಾಳ ಉರುಳಿಸಿ, ಬಂದ ಸಂಖ್ಯೆಯನ್ನು ಹಾಳೆಯ ಅಂಕದ ಜೊತೆ ಇಟ್ಟು ನೋಡುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ, ವೇಷವೂ ಬೇಕಿಲ್ಲ. ಕರಾವಳಿಯ ತಾಳಮದ್ದಳೆ ಕಂಡವರಿಗೆ ಇದು ತೀರ ಹೊಸದೆನಿಸಲಾರದು. ಅಲ್ಲಿಯೂ ಅರ್ಥಧಾರಿ ಕೂತಲ್ಲೇ ಪಾತ್ರವಾಗಿ, ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ಎದುರಾಳಿಗೆ ಉತ್ತರ ಕೊಡುತ್ತಾನೆ. ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ಇಲ್ಲಿ ಅದು ಯಾರಿಗೂ ಗೊತ್ತಿಲ್ಲ.

ಪಾತ್ರದ ಬಲವನ್ನು ಆಟದೊಳಗೆ ತರುವುದು ಕಷ್ಟವಲ್ಲ. ಕತ್ತಿವರಸೆಯಲ್ಲಿ ಪಳಗಿದವನು ಸಿಕ್ಕ ಮೊದಲ ಜಗಳದಲ್ಲೇ ಕತ್ತಿ ಹಿರಿಯುತ್ತಾನೆ. ತೊಡಕಿರುವುದು ದೌರ್ಬಲ್ಯದಲ್ಲಿ. ಹಾಳೆಯ ಮೂಲೆಯಲ್ಲಿ ‘ಮುಂಗೋಪಿ’ ಎಂದು ಬರೆದಿಟ್ಟು, ಆರು ತಿಂಗಳ ಆಟದಲ್ಲಿ ಒಮ್ಮೆಯೂ ಸಿಟ್ಟಾಗದ ಪಾತ್ರಗಳು ಬೇಕಾದಷ್ಟಿವೆ. ಬರೆದ ಕುಂದಿನಿಂದ ಒಂದು ಅವಕಾಶವೋ ಗೆಳೆತನವೋ ಗೆಲುವೋ ಕೈತಪ್ಪಿದ ದಿನವೇ ಅದು ಆ ಪಾತ್ರದ ನಿಜವಾದ ಗುಣವಾಗುವುದು. ಸುಮಾರು ಐವತ್ತು ವರ್ಷಗಳಲ್ಲಿ ಈ ಆಟಗಳಿಗಾಗಿ ಹುಟ್ಟಿದ ನಿಯಮಗಳಲ್ಲಿ ಅನೇಕವು ಈ ತೊಡಕನ್ನು ಬಿಡಿಸಲು ಮಾಡಿದ ಪ್ರಯತ್ನಗಳೇ.

ಇಂತಹ ಆಟಗಳಲ್ಲಿ ಮೊದಲು ಅಚ್ಚಾಗಿ ಮಾರುಕಟ್ಟೆಗೆ ಬಂದದ್ದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ರಚಿಸಿದ ಈ ಆಟ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂತು. ಮೊದಲ ಮುದ್ರಣ 1000 ಪ್ರತಿ. ಇಬ್ಬರೂ ಸೈನಿಕರ ಗೊಂಬೆಗಳನ್ನಿಟ್ಟು ಆಡುವ ಯುದ್ಧದಾಟಗಳಿಂದ ಬಂದವರು. ಆ ಆಟಗಳಲ್ಲಿ ಒಂದು ಗೊಂಬೆ ಒಂದು ತುಕಡಿಗೆ ಗುರುತಾಗಿ ನಿಲ್ಲುವುದು ವಾಡಿಕೆ; ತುಕಡಿಗೆ ವರ್ಚಸ್ಸೂ ಇಲ್ಲ, ಸಂಕೋಚವೂ ಇಲ್ಲ. ಒಂದು ಗೊಂಬೆ ಒಬ್ಬ ಮನುಷ್ಯ ಎಂದಾದ ಮೇಲೆ ಆ ಮನುಷ್ಯ ಎಂಥವನು ಎಂದು ಹೇಳಲೇಬೇಕಾಯಿತು. ಅದಕ್ಕಾಗಿ ಆರು ಗುಣಗಳು ಬಂದವು: ಮೈಬಲ, ಬುದ್ಧಿ, ವಿವೇಕ, ದೇಹದಾರ್ಢ್ಯ, ಚುರುಕು, ವರ್ಚಸ್ಸು. ಒಂದೊಂದಕ್ಕೂ ಆರು ಮುಖದ ಮೂರು ದಾಳಗಳನ್ನು ಉರುಳಿಸಿ, ಬಂದ ಮೊತ್ತವನ್ನು ಬರೆದುಕೊಳ್ಳಬೇಕು. ಅಂದರೆ 3ರಿಂದ 18ರವರೆಗೆ ಎಷ್ಟಾದರೂ ಬರಬಹುದು.

ಈ ಲೆಕ್ಕದಲ್ಲಿ ಒಂದು ಸೊಗಸಿದೆ. ಮೂರು ದಾಳಗಳು 216 ಬಗೆಯಲ್ಲಿ ಬೀಳಬಹುದು. 18 ಬರುವುದು ಅವುಗಳಲ್ಲಿ ಒಂದೇ ಬಗೆಯಲ್ಲಿ. 10 ಅಥವಾ 11 ಬರುವುದು 54 ಬಗೆಯಲ್ಲಿ. ಹಾಗಾಗಿ ಹೆಚ್ಚಿನವರು ಹೆಚ್ಚಿನ ವಿಷಯಗಳಲ್ಲಿ ಸಾಧಾರಣರು, ಅಪರೂಪಕ್ಕೊಬ್ಬರು ಅಸಾಧಾರಣರು. 8 ಅಥವಾ ಅದಕ್ಕಿಂತ ಕಡಿಮೆ ಬೀಳುವ ಬಗೆಗಳು 56. ಆರು ಗುಣಗಳಿಗೂ ಹೀಗೆ ದಾಳ ಉರುಳಿಸಿದರೆ, ಆರು ಪಾತ್ರಗಳಲ್ಲಿ ಸುಮಾರು ಐದಕ್ಕೆ ಒಂದಾದರೂ ಎದ್ದು ಕಾಣುವ ಕುಂದು ಬಂದೇ ಬರುತ್ತದೆ. ಅದನ್ನು ಆಟಗಾರ ಆರಿಸಿಕೊಂಡಿಲ್ಲ. ವಿವೇಕ 5 ಇರುವ ಮಾಂತ್ರಿಕನನ್ನು ಯಾರೂ ಬೇಕೆಂದು ಕೇಳುವುದಿಲ್ಲ. ದಾಳ ಕೊಟ್ಟಾಗ ಅವನ ಜೊತೆ ಬಾಳಲು ಕಲಿಯಬೇಕು. ತಾನಾಗಿ ಎಂದೂ ಊಹಿಸದ ಮನುಷ್ಯನನ್ನು ಆಟಗಾರನ ಕೈಗಿಡುವುದರಲ್ಲಿ ಈ ಹಳೆಯ ಪದ್ಧತಿಗೆ ಸಾಟಿಯಾದದ್ದು ಇನ್ನೂ ಬಂದಿಲ್ಲ.

ಆದರೆ 1974ರ ನಿಯಮಗಳಲ್ಲಿ ಈ ಅಂಕಗಳಿಗೆ ಹೆಚ್ಚಿನ ಕೆಲಸವಿರಲಿಲ್ಲ. ಮೈಬಲ 18 ಇದ್ದ ಯೋಧನ ಏಟು 9 ಇದ್ದವನ ಏಟಿಗಿಂತ ಜೋರಾಗಿರಲಿಲ್ಲ. ಅನುಭವದ ಅಂಕಗಳಲ್ಲಿ ಅವನಿಗೆ ನೂರಕ್ಕೆ 10ರಷ್ಟು ಹೆಚ್ಚು ಸಿಗುತ್ತಿತ್ತು, ಅಷ್ಟೆ. ಬಲದಿಂದ ಏಟಿನ ಗುರಿ ಮತ್ತು ಪೆಟ್ಟು ಎರಡೂ ಹೆಚ್ಚುವ ನಿಯಮ ಬಂದದ್ದು 1975ರ ‘ಗ್ರೇಹಾಕ್’ ಪುರವಣಿಯಲ್ಲಿ. ಅಂಕಕ್ಕೆ ಬೆಲೆ ಬಂದ ಕೂಡಲೇ ಕಡಿಮೆ ಅಂಕ ಯಾರಿಗೂ ಬೇಡವಾಯಿತು. 1979ರ ಕೈಪಿಡಿ ನಾಲ್ಕು ದಾಳ ಉರುಳಿಸಿ ಕನಿಷ್ಠದ್ದನ್ನು ಬಿಟ್ಟುಬಿಡುವ ದಾರಿ ತೋರಿತು. ಸರಾಸರಿ ಹತ್ತೂವರೆಯಿಂದ ಹನ್ನೆರಡು ದಾಟಿತು. 8ರ ಒಳಗೆ ಬೀಳುವ ಸಾಧ್ಯತೆ ನೂರಕ್ಕೆ 26ರಿಂದ ಹತ್ತರ ಆಸುಪಾಸಿಗೆ ಇಳಿಯಿತು. ಪಾತ್ರಗಳು ಬಲಿಷ್ಠವಾದವು, ಆದರೆ ಅವುಗಳಲ್ಲಿ ಅರ್ಧದಷ್ಟಕ್ಕೆ ಹೇಳಿಕೊಳ್ಳುವಂತಹ ಕುಂದೇ ಉಳಿಯಲಿಲ್ಲ.

ಮುಂದಿನ ಉಪಾಯ ವ್ಯಾಪಾರದ್ದು. 1981ರ ‘ಚಾಂಪಿಯನ್ಸ್’ ಎಂಬ ಸೂಪರ್‌ಹೀರೋ ಆಟ ದಾಳ ಬಿಟ್ಟು ಅಂಕಗಳ ಗಂಟನ್ನು ಆಟಗಾರನ ಕೈಗಿತ್ತಿತು. ಶಕ್ತಿ ಬೇಕಿದ್ದರೆ ಅಂಕ ತೆತ್ತು ಕೊಳ್ಳಬೇಕು. ದೌರ್ಬಲ್ಯ ಹೊತ್ತುಕೊಂಡರೆ ಅಂಕ ಮರಳಿ ಸಿಗುತ್ತದೆ. ಸ್ಟೀವ್ ಜಾಕ್ಸನ್ ಗೇಮ್ಸ್ 1986ರಲ್ಲಿ ತಂದ ‘ಗರ್ಪ್ಸ್’ ಇದನ್ನು ಎಲ್ಲ ಬಗೆಯ ಲೋಕಗಳಿಗೂ ಹಿಗ್ಗಿಸಿತು. ಅದರ ಪಟ್ಟಿಯಲ್ಲಿ ಮುಂಗೋಪಕ್ಕೆ 10 ಅಂಕ, ದುರಾಸೆಗೆ 15 ಅಂಕ. ಅದೇ ಸಾಲಿನಲ್ಲಿ ಪ್ರಾಮಾಣಿಕತೆಗೂ 10 ಅಂಕ! ಮೊದಲ ಸಲ ಓದಿದವರು ಇಲ್ಲಿ ತಡವರಿಸುತ್ತಾರೆ. ಪ್ರಾಮಾಣಿಕತೆ ದೌರ್ಬಲ್ಯವಾದದ್ದು ಹೇಗೆ? ಪಟ್ಟಿ ಅಳೆಯುವುದು ನೀತಿಯನ್ನಲ್ಲ, ಕೈಕಟ್ಟುವ ಗುಣವನ್ನು. ಕಾನೂನು ಮೀರಲಾರದವನ ಮುಂದೆ ಹಿಂಬಾಗಿಲು ತೆರೆದಿದ್ದರೂ ಇಲ್ಲದ ಹಾಗೆ. ಕರ್ಣನ ಕಥೆ ಬಲ್ಲವರಿಗೆ ಈ ತರ್ಕವನ್ನು ವಿವರಿಸಬೇಕಿಲ್ಲ. ಬೇಡಿದವರಿಗೆ ಇಲ್ಲವೆನ್ನದ ಗುಣವೇ ಅವನ ಹಿರಿಮೆ. ಕವಚ ಕುಂಡಲಗಳು ಅವನ ಮೈಯಿಂದ ಹೋದದ್ದೂ ಅದೇ ಗುಣದ ದಾರಿಯಲ್ಲಿ. ದೌರ್ಬಲ್ಯವೆಂದರೆ ಕೆಟ್ಟ ಗುಣ ಎಂಬ ಸಮೀಕರಣವನ್ನು ಬಿಟ್ಟಾಗಲೇ ಪಾತ್ರ ಕಟ್ಟುವ ಕೆಲಸ ನಿಜವಾಗಿ ಶುರುವಾಗುವುದು.

ಪಡೆದ ಅಂಕಕ್ಕೆ ಆಟಗಾರ ಪ್ರತಿಫಲ ಕೊಡುವಂತೆ ನೋಡಿಕೊಳ್ಳಲೂ ಗರ್ಪ್ಸ್‌ನಲ್ಲಿ ದಾರಿಯಿದೆ. 2004ರ ನಾಲ್ಕನೆಯ ಆವೃತ್ತಿಯಲ್ಲಿ ಮುಂಗೋಪದಂತಹ ಗುಣಕ್ಕೆ ಸಂಯಮದ ಅಂಕವೊಂದು ಅಂಟಿಕೊಂಡಿರುತ್ತದೆ. ಅದು 12 ಆಗಿದ್ದರೆ, ಕೆರಳಿಸುವ ಪ್ರಸಂಗ ಬಂದಾಗ ಮೂರು ದಾಳಗಳ ಮೊತ್ತ 12ರ ಒಳಗೆ ಬಿದ್ದರೆ ಪಾತ್ರ ಸಿಟ್ಟು ನುಂಗಿಕೊಳ್ಳಬಹುದು. ಮೀರಿದರೆ ನಾಲಗೆಯೋ ಕೈಯೋ ಹರಿಯುತ್ತದೆ. ಸರಿಸುಮಾರು ನಾಲ್ಕರಲ್ಲಿ ಒಂದು ಸಲ ಸೋಲು. ಸಂಯಮವನ್ನು 6ಕ್ಕೆ ಇಳಿಸಿಕೊಂಡರೆ ಅಂಕ ದುಪ್ಪಟ್ಟು. ಆಗ ಹತ್ತರಲ್ಲಿ ಒಂಬತ್ತು ಸಲ ಸೋಲು. ಜರ್ಮನಿಯಲ್ಲಿ 1984ರಿಂದ ಆಡುತ್ತಿರುವ ‘ದಾಸ್ ಶ್ವಾರ್ಟ್ಸೆ ಔಗೆ’ ಎಂಬ ಆಟದ ಮುಂದಿನ ಆವೃತ್ತಿಯೊಂದು ಇನ್ನೊಂದು ಬಗೆಯಲ್ಲಿ ಇದನ್ನೇ ಸಾಧಿಸಿತು. ಮೂಢನಂಬಿಕೆ, ಎತ್ತರದ ಭಯ, ಚಿನ್ನದಾಸೆ, ಕುತೂಹಲ ಮುಂತಾದವುಗಳಿಗೂ ಮೈಬಲ, ಬುದ್ಧಿಗಳಂತೆಯೇ ಹಾಳೆಯಲ್ಲಿ ಅಂಕದ ಮನೆ ಕೊಟ್ಟಿತು; ಇಲ್ಲಿ ಅಂಕ ಏರಿದಷ್ಟೂ ಪಾಡು ಹೆಚ್ಚು.

ಈ ವ್ಯಾಪಾರದ ದೋಷವೂ ಬೇಗ ಬಯಲಾಯಿತು. ಬೆಲೆ ಮುಂಗಡವಾಗಿ ಕೈಸೇರುವುದರಿಂದ, ತೀರಿಸುವ ಹೊತ್ತಿಗೆ ಆಟಗಾರ ಜಾರಿಕೊಳ್ಳಲು ನೋಡುತ್ತಾನೆ. ಮರಳುಗಾಡಿನ ಕಥೆಗೆ ‘ಕಡಲ ಭಯ’ ಬರೆಸಿಕೊಳ್ಳುವವರಿದ್ದಾರೆ. ಎದುರಾಳಿಗೆ ತಟ್ಟುವ ಹತ್ತು ಶಕ್ತಿ, ಯಾರಿಗೂ ತಟ್ಟದ ಹತ್ತು ಭಯ ಸೇರಿಸಿ ಹೊಲಿದ ಪಾತ್ರ ಲೆಕ್ಕದಲ್ಲಿ ಸರಿ, ಮನುಷ್ಯನಾಗಿ ಶೂನ್ಯ. ಗರ್ಪ್ಸ್‌ನ ಮೂರನೆಯ ಆವೃತ್ತಿ ದೌರ್ಬಲ್ಯಗಳಿಂದ ಪಡೆಯಬಹುದಾದ ಅಂಕಕ್ಕೆ 40ರ ಮಿತಿ ಹಾಕಿದ್ದು ಇದಕ್ಕೇ. ಮಿತಿಯಿಂದ ಪಟ್ಟಿ ಚಿಕ್ಕದಾಯಿತು. ಬರೆಸಿಕೊಂಡದ್ದು ಆಟಕ್ಕೆ ಬರುವಂತೆ ಮಾಡುವುದು ಗೇಮ್ ಮಾಸ್ಟರ್‌ನ ಹೊಣೆಯಾಗಿಯೇ ಉಳಿಯಿತು.

ಗ್ರೆಗ್ ಸ್ಟ್ಯಾಫರ್ಡ್ 1985ರಲ್ಲಿ ರಚಿಸಿದ ‘ಪೆಂಡ್ರಾಗನ್’ ಈ ಇಡೀ ಚರ್ಚೆಯಲ್ಲಿ ಬೇರೆಯದೇ ಎತ್ತರದಲ್ಲಿ ನಿಲ್ಲುತ್ತದೆ. ಬ್ರಿಟನ್ನಿನ ಆರ್ಥರ್ ರಾಜನ ಐತಿಹ್ಯ ಇದರ ವಸ್ತು. ಆಟಗಾರರೆಲ್ಲ ಅವನ ಕಾಲದ ವೀರರು. ಇಲ್ಲಿ ಸ್ವಭಾವಗಳು ಹದಿಮೂರು ಜೋಡಿಗಳಾಗಿ ಬರುತ್ತವೆ: ಕರುಣೆ–ಕ್ರೌರ್ಯ, ಔದಾರ್ಯ–ಸ್ವಾರ್ಥ, ವಿನಯ–ಗರ್ವ, ನಂಬಿಕೆ–ಸಂಶಯ, ಕ್ಷಮೆ–ಸೇಡು, ಶೌರ್ಯ–ಹೇಡಿತನ, ಹೀಗೆ. ಪ್ರತಿ ಜೋಡಿಯ ಮೊತ್ತ ಯಾವಾಗಲೂ 20. ಕರುಣೆ 13 ಇದ್ದವನಲ್ಲಿ ಕ್ರೌರ್ಯ 7 ಇದ್ದೇ ಇದೆ. ಬಲವನ್ನು ಒಂದು ಕಡೆ, ದೌರ್ಬಲ್ಯವನ್ನು ಇನ್ನೊಂದು ಕಡೆ ಪಟ್ಟಿ ಮಾಡುವ ಬದಲು ಎರಡನ್ನೂ ಒಂದೇ ತಕ್ಕಡಿಯ ತಟ್ಟೆಗಳಾಗಿ ತೂಗಿಬಿಟ್ಟದ್ದು ಸ್ಟ್ಯಾಫರ್ಡ್‌ರ ದೊಡ್ಡ ಹೊಳಹು.

ಸೋತ ಶತ್ರು ಮಂಡಿಯೂರಿ ಪ್ರಾಣಭಿಕ್ಷೆ ಬೇಡುತ್ತಿದ್ದಾನೆ ಎನ್ನೋಣ. ಇಪ್ಪತ್ತು ಮುಖದ ದಾಳವನ್ನು ಮೊದಲು ಕರುಣೆಯ ಅಂಕಕ್ಕೆ ಉರುಳಿಸಬೇಕು. 13ರ ಒಳಗೆ ಬಿದ್ದರೆ ವೀರ ಅವನನ್ನು ಉಳಿಸುತ್ತಾನೆ. ಬೀಳದಿದ್ದರೆ ಕ್ರೌರ್ಯಕ್ಕೆ ಇನ್ನೊಮ್ಮೆ ಉರುಳಿಸಬೇಕು. 7ರ ಒಳಗೆ ಬಿದ್ದರೆ ಕತ್ತಿ ಇಳಿಯುತ್ತದೆ. ಎರಡೂ ತಪ್ಪಿದಾಗ ತೀರ್ಮಾನ ಆಟಗಾರನದು. ಯಾವ ಗುಣಕ್ಕೆ ತಕ್ಕಂತೆ ನಡೆದುಕೊಂಡನೋ ಅದರ ಪಕ್ಕ ಒಂದು ಗುರುತು ಬೀಳುತ್ತದೆ. ಆಟದೊಳಗಿನ ವರ್ಷ ಮುಗಿದು ಚಳಿಗಾಲ ಬಂದಾಗ ಆ ಗುರುತುಗಳನ್ನು ನೋಡಿ ಮತ್ತೆ ದಾಳ ಉರುಳಿಸುತ್ತಾರೆ. ಒಂದು ಏರಿದರೆ ಅದರ ಜೋಡಿ ಇಳಿಯುತ್ತದೆ. ಕೊಂದು ಕೊಂದು ಕ್ರೂರನಾಗುವುದು, ಕೊಟ್ಟು ಕೊಟ್ಟು ಉದಾರಿಯಾಗುವುದು ಇಲ್ಲಿ ಮಾತಿನ ಅಲಂಕಾರವಲ್ಲ, ಹಾಳೆಯ ಮೇಲಿನ ಲೆಕ್ಕ. ಸ್ವಭಾವಗಳ ಜೊತೆಗೆ ನಿಷ್ಠೆ, ಪ್ರೇಮ, ದ್ವೇಷ ಎಂಬ ಭಾವಗಳಿಗೂ ಅಂಕವಿದೆ. ಒಡೆಯನ ಮೇಲಿನ ನಿಷ್ಠೆಯನ್ನು ನೆನೆದು ರಣಕ್ಕಿಳಿದವನಿಗೆ ದಾಳ ಒಲಿದರೆ ಹೊಸ ಹುರುಪು. ಒಲಿಯದಿದ್ದರೆ ಮನಸ್ಸು ಕುಸಿದು, ತೀರ ಕೆಟ್ಟ ಗಳಿಗೆಯಲ್ಲಿ ಹುಚ್ಚೇ ಹಿಡಿದು ಕಾಡು ಸೇರಬಹುದು. ಲಾನ್ಸಲಾಟ್‌ನಂತಹ ಮಹಾವೀರನನ್ನು ಆರ್ಥರನ ರಾಣಿಯ ಮೇಲಿನ ಪ್ರೇಮವೇ ಮೇಲೆತ್ತಿ ಅದೇ ಪ್ರೇಮವೇ ಕೆಡವಿದ ಐತಿಹ್ಯಕ್ಕೆ ಇದಕ್ಕಿಂತ ಒಪ್ಪುವ ನಿಯಮ ಸಿಗಲಾರದು. ತನ್ನ ಪಾತ್ರದ ಕೈ ತನ್ನ ಹಿಡಿತದಲ್ಲಿಲ್ಲವೆಂದು ಸಿಡಿಮಿಡಿಗೊಳ್ಳುವ ಆಟಗಾರರೂ ಇದ್ದಾರೆ. ಅವರ ಅಸಮಾಧಾನದಲ್ಲಿ ಹುರುಳಿದೆ. ಆದರೂ ಮನುಷ್ಯ ತನ್ನ ಸ್ವಭಾವದ ಎದುರು ಸೋಲುವ ಗಳಿಗೆಯನ್ನು ಇಷ್ಟು ನಿಚ್ಚಳವಾಗಿ ತೋರಿಸಿದ ಆಟಗಳು ವಿರಳ.

ಇನ್ನೊಂದು ಉಪಾಯದಲ್ಲಿ ಬೆಲೆ ಮುಂಗಡವಲ್ಲ, ಕೆಲಸವಾದ ಮೇಲೆ ಕೂಲಿ. 2003ರಲ್ಲಿ ಫ್ರೆಡ್ ಹಿಕ್ಸ್ ಮತ್ತು ರಾಬ್ ಡೊನೊಹ್ಯೂ ರೂಪಿಸಿದ ‘ಫೇಟ್’ ಆಟದಲ್ಲಿ ಪಾತ್ರವನ್ನು ಅಂಕಗಳ ಜೊತೆಗೆ ಕೆಲವು ಚಿಕ್ಕ ವಾಕ್ಯಗಳೂ ಕಟ್ಟುತ್ತವೆ. ‘ಕೊಟ್ಟ ಮಾತಿಗೆ ತಪ್ಪದ ಕಳ್ಳಿ’ ಎಂಬ ಒಂದೇ ಸಾಲು ಬಲವೂ ಹೌದು, ಕುಂದೂ ಹೌದು. ಮಾತು ಉಳಿಸಿಕೊಳ್ಳಲು ಓಡುವಾಗ ಆಟಗಾರ್ತಿ ಒಂದು ಫೇಟ್ ಅಂಕ ತೆತ್ತು ಆ ಸಾಲಿನ ಬಲ ಪಡೆಯಬಹುದು. ಅದೇ ಸಾಲು ಹಿಡಿದು ಗೇಮ್ ಮಾಸ್ಟರ್ ಒಂದು ಅಂಕ ಮುಂದೆ ಚಾಚಿ, ‘ಸೆರೆಯಾಳಿಗೆ ಮಾತು ಕೊಟ್ಟಿದ್ದಾಳೆ, ಗೆಳೆಯರೆಲ್ಲ ಗೋಡೆ ಹಾರಿದರೂ ಇವಳು ಹಿಂತಿರುಗುತ್ತಾಳಲ್ಲವೇ?’ ಎಂದು ಕೇಳಬಹುದು. ಒಪ್ಪಿದರೆ ಅಂಕ ಕೈಗೆ, ಸಂಕಟ ತಲೆಗೆ. ಒಪ್ಪದಿದ್ದರೆ ತಾನೇ ಒಂದು ಅಂಕ ತೆರಬೇಕು. ಹೀಗಾಗಿ ಆಟಗಾರರೇ ತಮ್ಮ ದೌರ್ಬಲ್ಯಕ್ಕೆ ಅವಕಾಶ ಹುಡುಕುತ್ತಾರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೆಯ ಆವೃತ್ತಿಯೂ ಪ್ರತಿ ಪಾತ್ರಕ್ಕೆ ನಡವಳಿಕೆ, ಆದರ್ಶ, ನಂಟು, ಕುಂದು ಎಂಬ ನಾಲ್ಕು ಸಾಲು ಬರೆಸಿತು. ಅವುಗಳಿಗೆ ತಕ್ಕಂತೆ ಆಡಿದವರಿಗೆ ಮುಂದೊಂದು ಸಲ ಎರಡು ದಾಳ ಉರುಳಿಸಿ ಒಳ್ಳೆಯದನ್ನು ಇಟ್ಟುಕೊಳ್ಳುವ ಬಹುಮಾನ ಇಟ್ಟಿತು. ಉದ್ದೇಶ ಚೆನ್ನಾಗಿದ್ದರೂ, ಬಹುಮಾನ ಕೊಡುವುದು ಗೇಮ್ ಮಾಸ್ಟರ್‌ನ ನೆನಪಿಗೇ ಬಿಟ್ಟದ್ದರಿಂದ ಕುಂದಿನ ಆ ಸಾಲು ಎಷ್ಟೋ ಹಾಳೆಗಳಲ್ಲಿ ಸುಮ್ಮನೆ ಉಳಿದುಬಿಡುತ್ತದೆ.

ಕಂಪ್ಯೂಟರ್ ಆಟಗಳಲ್ಲಿ ಸನ್ನಿವೇಶಕ್ಕೆ ತಕ್ಕಂತೆ ಕುಂದನ್ನು ಬಳಸಿಕೊಳ್ಳುವ ಗೇಮ್ ಮಾಸ್ಟರ್ ಇಲ್ಲ; ಅಲ್ಲಿ ಕುಂದಿನ ಫಲವನ್ನು ಮೊದಲೇ ಬರೆದಿಡಬೇಕು. ಪ್ರಳಯಾನಂತರದ ಜಗತ್ತಿನ ಕಥೆಯಾದ 1997ರ ‘ಫಾಲ್‌ಔಟ್’ ಅದನ್ನು ಶ್ರದ್ಧೆಯಿಂದ ಮಾಡಿತು. ಬುದ್ಧಿಯ ಅಂಕ 4ಕ್ಕಿಂತ ಕಡಿಮೆ ಇಟ್ಟರೆ ನಾಯಕನ ಬಾಯಿಂದ ತೊದಲು ಬಿಟ್ಟು ಬೇರೆ ಬರುವುದಿಲ್ಲ, ಊರಿನವರಲ್ಲಿ ಅನೇಕರು ಅವನಿಗೆ ಕೆಲಸವನ್ನೇ ಹೇಳುವುದಿಲ್ಲ.

ಮೇಜಿನಲ್ಲಿ ಆಡುವಾಗ ಎದುರಾಗುವ ಮುಖ್ಯ ಅಡಚಣೆ ಆಟಗಾರನಿಗೂ ಪಾತ್ರಕ್ಕೂ ನಡುವಿನ ಅಂತರ. ಮೈಬಲದ ವಿಷಯದಲ್ಲಿ ಈ ಅಂತರ ಕಾಡುವುದಿಲ್ಲ. ಬಂಡೆ ಎತ್ತುತ್ತೇನೆ ಎಂದು ಸಪೂರ ಆಳು ಹೇಳಿದರೂ ಯಾರೂ ಅವನಿಂದ ಬಂಡೆ ಎತ್ತಿಸುವುದಿಲ್ಲ. ಆದರೆ ಮಾತಿಗೆ ನಾಚುವ ಆಟಗಾರ್ತಿ ವರ್ಚಸ್ಸು 18 ಇರುವ ರಾಯಭಾರಿಯಾದಾಗ, ‘ಹಾಗಾದರೆ ರಾಜನೆದುರು ಮಾತಾಡಿ ತೋರಿಸು’ ಎನ್ನುವವರಿದ್ದಾರೆ. ಇದು ಅನ್ಯಾಯ. ರಾಜನ ಮನಸ್ಸನ್ನು ಯಾವ ಮಾತಿನಿಂದ ಒಲಿಸಬೇಕೆಂದಿದ್ದಾಳೆ, ಹೊಗಳಿಕೆಯಿಂದಲೋ ಹೆದರಿಕೆಯಿಂದಲೋ ಹಳೆಯ ಋಣ ನೆನಪಿಸಿಯೋ, ಎಂದು ಅವಳು ಹೇಳಿದರೆ ಸಾಕು. ಉಳಿದದ್ದನ್ನು ಅಂಕವೂ ದಾಳವೂ ನೋಡಿಕೊಳ್ಳುತ್ತವೆ. ಬುದ್ಧಿ 18ರ ಪಂಡಿತನನ್ನು ಆಡುವವರಿಗೆ ಗೇಮ್ ಮಾಸ್ಟರ್ ಒಂದು ಸುಳಿವು ಹೆಚ್ಚು ಕೊಡುವುದೂ ಇದೇ ನ್ಯಾಯದಿಂದ.

ತಿರುಗುಮುರುಗಾದಾಗ ಸಮಸ್ಯೆ ಸೂಕ್ಷ್ಮವಾದದ್ದು. ಚುರುಕು ಬುದ್ಧಿಯ ಆಟಗಾರ ಬುದ್ಧಿ 6 ಇರುವ ಕಮ್ಮಾರನಾದರೆ? ಹೆಚ್ಚಿನವರು ಅವನನ್ನು ಪೆದ್ದನಂತೆ ತೊದಲಿಸಿ ನಗು ಗಿಟ್ಟಿಸುತ್ತಾರೆ. ಎರಡು ಗಂಟೆಯ ನಂತರ ಆ ನಗು ಸವೆಯುತ್ತದೆ, ಕಮ್ಮಾರ ಗೊಂಬೆಯಾಗಿ ಉಳಿಯುತ್ತಾನೆ. ಅದರ ಬದಲು ಕೊರತೆಗೆ ಒಂದು ಖಚಿತ ರೂಪ ಕೊಡಬೇಕು. ಓದಲು ಬರುವುದಿಲ್ಲ; ಅದಕ್ಕೇ ಓಲೆ ಬಂದಾಗ ಕಣ್ಣು ಮಂಜೆನ್ನುತ್ತಾನೆ. ಮೊದಲು ಮಾತಾಡಿದವರನ್ನು ನಂಬುತ್ತಾನೆ. ಹತ್ತು ದಾಟಿದ ಲೆಕ್ಕಕ್ಕೆ ಗೆಳತಿಯ ಮುಖ ನೋಡುತ್ತಾನೆ. ಕುಲುಮೆಯ ಮುಂದೆ ಮಾತ್ರ ಅವನ ಮಾತಿಗೆ ಎದುರಿಲ್ಲ, ಯಾಕೆಂದರೆ ಅದು ಅವನ ಕಸುಬು. ಹಾಗೆಯೇ ಕಡಿಮೆ ವರ್ಚಸ್ಸೆಂದರೆ ಕುರೂಪವೆಂದೇನೂ ಅಲ್ಲ. ಯಾರ ಹೆಸರನ್ನೂ ಕೇಳದವನು, ಸತ್ತ ಮನೆಯಲ್ಲಿ ಬಾಡಿಗೆಯ ಮಾತೆತ್ತುವವನು ಕೂಡ ವರ್ಚಸ್ಸಿಲ್ಲದವನೇ. ಬುದ್ಧಿಗೂ ವಿವೇಕಕ್ಕೂ ಇರುವ ಭೇದವನ್ನು ಹೊಸಬರು ಯಾವಾಗಲೂ ಕೇಳುತ್ತಾರೆ. ಹಾವಿನ ಹತ್ತು ಜಾತಿಯ ಹೆಸರು ಹೇಳಬಲ್ಲದ್ದು ಬುದ್ಧಿ. ಕತ್ತಲಲ್ಲಿ ಪೊದೆಗೆ ಕೈ ಹಾಕದಿರುವುದು ವಿವೇಕ.

ಬಲವನ್ನು ಕಾಣಿಸುವುದಕ್ಕೂ ಅಷ್ಟೇ ಕಾಳಜಿ ಬೇಕು. ‘ಬಲಿಷ್ಠ’ ಎಂದರೆ ಏನೂ ಕಾಣುವುದಿಲ್ಲ. ಬಾಗಿಲನ್ನು ಮೆಲ್ಲಗೆ ಮುಚ್ಚಲು ಕಲಿತವನು, ಮಗುವನ್ನು ಎತ್ತಿಕೊಳ್ಳಲು ಹೆದರುವವನು, ಯಾವ ಊರಿಗೆ ಹೋದರೂ ಯಾರದೋ ಗಾಡಿ ಕೆಸರಿನಿಂದ ಎಳೆಯಬೇಕಾಗಿ ಬರುವವನು ಎಂದರೆ ಬಲದ ಜೊತೆ ಬದುಕೂ ಕಾಣುತ್ತದೆ. ಒಳ್ಳೆಯ ಕುಂದು ಹಲವು ಸಲ ಇಂತಹ ಬಲದ ಬೆನ್ನಿಗೇ ಇರುತ್ತದೆ. ಭಯಾನಕ ಕಥೆಗಳ ಆಟವಾದ 1981ರ ‘ಕಾಲ್ ಆಫ್ ಕ್ಥುಲು’ ಇದನ್ನು ನಿಯಮವನ್ನಾಗಿಯೇ ಮಾಡಿದೆ: ಲೋಕದ ಗುಪ್ತ ಸತ್ಯಗಳನ್ನು ಬಲ್ಲಷ್ಟೂ ಪಾತ್ರದ ಮನಸ್ಸಿನ ಸ್ತಿಮಿತದ ಗರಿಷ್ಠ ಮಿತಿ ಇಳಿಯುತ್ತ ಹೋಗುತ್ತದೆ.

ಕುಂದು ಕೆಲಸ ಮಾಡಬೇಕಾದರೆ ಅದನ್ನು ಕೆಣಕುವುದು ಯಾವುದು ಎಂದು ಗೊತ್ತಿರಬೇಕು. ‘ಕೋಪಿಷ್ಠ’ ಎಂಬುದರಿಂದ ಗೇಮ್ ಮಾಸ್ಟರ್‌ಗೆ ಏನೂ ಸಿಕ್ಕುವುದಿಲ್ಲ. ‘ತಂದೆಯನ್ನು ಹೇಡಿಯೆಂದರೆ ಸಹಿಸಲಾರ’ ಎಂದರೆ ಮುಂದಿನ ಊರಿನ ಹೆಂಡದಂಗಡಿಯಲ್ಲಿ ಆ ಮಾತಾಡುವ ಮುದುಕನೊಬ್ಬ ತಾನಾಗಿ ಹುಟ್ಟಿಕೊಳ್ಳುತ್ತಾನೆ. ಒಂದು ದಿನದ ಆಟದಲ್ಲಿ ಇಂತಹದು ಒಮ್ಮೆ ಬಂದರೆ ಸಾಕು. ಗಳಿಗೆಗೊಮ್ಮೆ ಬಂದರೆ ಬೇರೆಯವರ ಕಥೆಗೆ ಜಾಗವಿರುವುದಿಲ್ಲ.

ಬೇರೆಯವರ ಮಾತು ಇಲ್ಲಿ ಮುಖ್ಯ. ‘ನನ್ನ ಪಾತ್ರ ಇರುವುದೇ ಹಾಗೆ’ ಎಂದು ಗೆಳೆಯರ ಜೇಬು ಕತ್ತರಿಸುವ, ಕಾವಲಿನಲ್ಲಿ ಬೇಕೆಂದೇ ನಿದ್ದೆ ಹೋಗುವ ಆಟಗಾರರಿಂದ ಎಷ್ಟೋ ತಂಡಗಳು ಒಡೆದಿವೆ. ಸಹಪಾತ್ರಗಳಿಗೆ ಮಾಡಲು ಏನಾದರೂ ಕೊಡುವುದು ಒಳ್ಳೆಯ ಕುಂದಿನ ಲಕ್ಷಣ. ಎತ್ತರಕ್ಕೆ ಹೆದರುವವಳನ್ನು ಕೈಹಿಡಿದು ಸೇತುವೆ ದಾಟಿಸಬಹುದು, ಸುಳ್ಳು ಬಾರದವನ ಬದಲು ಇನ್ನೊಬ್ಬಳು ಕಾವಲುಗಾರನ ಜೊತೆ ಮಾತಾಡಬಹುದು. ಜೇಬುಗಳ್ಳ ಗೆಳೆಯರಿಗೆ ಉಳಿಸುವುದು ಬರಿಯ ಸಂಶಯ.

ಅಂಗವೈಕಲ್ಯ ಮತ್ತು ಮನೋರೋಗಗಳನ್ನು ಹಳೆಯ ಪಟ್ಟಿಗಳು ಮುಂಗೋಪದ ಸಾಲಿನಲ್ಲೇ ಇಟ್ಟು ಅಂಕ ಕಟ್ಟಿದವು. ಗರ್ಪ್ಸ್‌ನಲ್ಲಿ ಕುರುಡುತನಕ್ಕೆ 50 ಅಂಕ. ಲೆಕ್ಕಕ್ಕೆ ಅದು ಸರಿಯಿರಬಹುದು, ಚಿತ್ರಣಕ್ಕೆ ಸಾಲದು. ಕಣ್ಣಿಲ್ಲದವಳ ಪಾತ್ರಕ್ಕೆ ಕಸುಬು, ಹಟ, ಮೆಚ್ಚಿನ ಹಾಡು, ದ್ವೇಷಿಸುವ ನೆರೆಯವ ಎಲ್ಲ ಇರಬೇಕು. ಕಣ್ಣಿಲ್ಲದಿರುವುದು ಅವಳು ಲೋಕದಲ್ಲಿ ಓಡಾಡುವ ಬಗೆ, ಅವಳ ಗುಣವಲ್ಲ. ಮೇಜಿನಲ್ಲಿ ಕೂತ ಯಾರದೋ ಮನೆಯಲ್ಲಿ ಅದೇ ಕಷ್ಟ ಇರಬಹುದಾದ್ದರಿಂದ, ಆಟ ಆರಂಭಿಸುವ ಮುನ್ನವೇ ಎಲ್ಲರೂ ಕೂತು ಯಾವುದು ಕಥೆಯೊಳಗೆ ಬರಬಹುದು, ಯಾವುದು ಬೇಡ ಎಂದು ಮಾತಾಡಿಕೊಳ್ಳುವ ಪದ್ಧತಿ ಈಗ ಅನೇಕ ತಂಡಗಳಲ್ಲಿ ಬೆಳೆದಿದೆ.

ಬರೆದ ಕುಂದು ಕೊನೆಯವರೆಗೂ ಹಾಗೆಯೇ ಇರಬೇಕಿಲ್ಲ. ಪೆಂಡ್ರಾಗನ್‌ನ ಚಳಿಗಾಲದ ದಾಳ ಅದನ್ನು ಕರಗಿಸಬಹುದು ಅಥವಾ ಬೆಳೆಸಬಹುದು. ಫೇಟ್‌ನಲ್ಲಿ ಕಥೆಯ ಒಂದು ಘಟ್ಟ ಮುಗಿದಾಗ ಹಳೆಯ ಸಾಲು ಅಳಿಸಿ ಹೊಸದನ್ನು ಬರೆಯಲು ಅನುಮತಿಯಿದೆ. ‘ಕೊಟ್ಟ ಮಾತಿಗೆ ತಪ್ಪದ ಕಳ್ಳಿ’ ಒಮ್ಮೆ ಮಾತಿಗೆ ತಪ್ಪಿದ್ದರೆ, ಹೊಸ ಸಾಲಿನಲ್ಲಿ ಆ ಸೆರೆಯಾಳಿನ ಹೆಸರಿರಬಹುದು. ಗರ್ಪ್ಸ್‌ನಲ್ಲಿ ದಾರಿ ನೇರ: ಮುಂಗೋಪಕ್ಕಾಗಿ ಆರಂಭದಲ್ಲಿ ಪಡೆದ 10 ಅಂಕಗಳನ್ನು ಆಟದಲ್ಲಿ ಗಳಿಸಿದ ಅಂಕಗಳಿಂದ ಮರಳಿಸಬೇಕು. ಒಂದು ದಿನದ ಆಟಕ್ಕೆ ಎರಡೋ ಮೂರೋ ಅಂಕ ಸಿಗುವ ತಂಡದಲ್ಲಿ ಆ ಸಾಲ ತೀರಲು ನಾಲ್ಕೈದು ದಿನದ ಆಟ ಬೇಕು. ತೀರಿದ ದಿನ ಹಾಳೆಯ ಮೇಲಿನ ಆ ಸಾಲಿಗೆ ಅಡ್ಡಗೆರೆ ಬೀಳುತ್ತದೆ.